ಮೊದಲು ಜಾಗ, ಆಮೇಲೆ ಕಾರು

ಬೆಂಗಳೂರಿನ ರಾಜಾಜಿನಗರದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ರಸ್ತೆಯ ಎರಡೂ ಬದಿ ಕಾರುಗಳೇ. ರಾತ್ರಿ ಎಂಟಾದರೆ ನಮ್ಮ ಮನೆ ಮುಂದೆ ನಮಗೇ ಜಾಗ ಇರುವುದಿಲ್ಲ. ಬಡಾವಣೆಗೊಂದು ಬಹುಮಹಡಿ ಪಾರ್ಕಿಂಗ್ ಕಟ್ಟಿಸಿ ಎಂದು ನೀವಾದರೂ ಬರೆಯಬಾರದೇ?"

ಸಂಪಾದಕರ ಉತ್ತರ:

ನಮಸ್ಕಾರ. ಬರೆಯಬಹುದು ಸ್ವಾಮಿ, ಆದರೆ ಅದರಿಂದ ನಿಮ್ಮ ರಸ್ತೆ ಖಾಲಿಯಾಗುತ್ತೆ ಅಂತ ನನಗೇ ನಂಬಿಕೆ ಇಲ್ಲ.

ಮನೆ ನಿಮ್ಮದು, ಸರಿ. ಮನೆ ಮುಂದಿನ ರಸ್ತೆ? ನಾವೆಲ್ಲ ಅಲ್ಲಿ ಹೂಕುಂಡ ಇಟ್ಟು, ಗೇಟಿಗೆ 'ನೋ ಪಾರ್ಕಿಂಗ್' ಬೋರ್ಡ್ ನೇತುಹಾಕಿ ಜಾಗ ಹಿಡಿಯುತ್ತೇವೆ. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆದ ಹಾಗೆ. (ನಿಮ್ಮನ್ನೇ ಅಂತಲ್ಲ, ನನ್ನ ಕಾರೂ ರಸ್ತೆಯಲ್ಲೇ ಮಲಗುತ್ತದೆ.)

ಒಂದು ಕಾರಿಗೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಅಂತ ಲೆಕ್ಕ. ಸುಮಾರು 135 ಚದರಡಿ, ಅಂದರೆ ಒಂದು ಬೆಡ್‌ರೂಮು. ಬಹುಮಹಡಿ ಕಟ್ಟಡದಲ್ಲಿ ರ‍್ಯಾಂಪು, ತಿರುವು ಎಲ್ಲ ಸೇರಿ ಹೆಚ್ಚುಕಮ್ಮಿ ಅದರ ದುಪ್ಪಟ್ಟು. ಅಷ್ಟು ಜಾಗದಲ್ಲಿ ಒಂದು ಸಂಸಾರ ಬಾಡಿಗೆ ಕಟ್ಟಿಕೊಂಡು ಬದುಕುತ್ತದೆ. ಬೀದಿಯಲ್ಲಿ ಪುಕ್ಕಟೆ ಜಾಗ ಇರುವಾಗ ಕಾಸು ಕೊಟ್ಟು ಕಾರನ್ನು ನಾಲ್ಕನೇ ಮಹಡಿಗೆ ಹತ್ತಿಸುವವರು ಯಾರು, ಹೇಳಿ?

ಜಪಾನಿನಲ್ಲಿ 1962ರಲ್ಲೇ ಇದಕ್ಕೊಂದು ಕಾನೂನು ಬಂತು. ಕಾರು ಕೊಳ್ಳುವವರು ಮೊದಲು ಅದನ್ನು ನಿಲ್ಲಿಸುವ ಜಾಗ ತೋರಿಸಬೇಕು. ಅದು ಮನೆಯಿಂದ ಎರಡು ಕಿಲೋಮೀಟರ್ ಒಳಗಿರಬೇಕು. ಉದ್ದ, ಅಗಲ ನಮೂದಿಸಿದ ನಕ್ಷೆಯನ್ನು ಪೊಲೀಸ್ ಠಾಣೆಗೆ ಕೊಟ್ಟು ಪ್ರಮಾಣಪತ್ರ ತರಬೇಕು. ಸ್ವಂತ ಜಾಗ ಇಲ್ಲದವರು ಬಾಡಿಗೆಗೆ ಹಿಡಿಯುತ್ತಾರೆ. ಕಾರನ್ನು ರಾತ್ರಿಯಿಡೀ ರಸ್ತೆಯಲ್ಲಿ ಬಿಡುವ ಹಾಗಿಲ್ಲ. ಟೋಕಿಯೊದ ಎಷ್ಟೋ ಗಲ್ಲಿಗಳಿಗೆ ಫುಟ್‌ಪಾತೇ ಇಲ್ಲ. ಆದರೂ ಅಲ್ಲಿ ಆರಾಮಾಗಿ ನಡೆಯಬಹುದು.

ಇಲ್ಲಿ ಅದನ್ನು ತಂದರೆ ಸ್ನೇಹಿತನ ಖಾಲಿ ಸೈಟಿನ ಅಗ್ರಿಮೆಂಟ್ ತೋರಿಸುವ ಜನ ನಾವು. ಅದಿರಲಿ. ಒಂದೇ ರೂಮಿನ ಬಾಡಿಗೆ ಮನೆಯಲ್ಲಿರುವ ಟ್ಯಾಕ್ಸಿ ಡ್ರೈವರ್ ಏನು ಮಾಡಬೇಕು? ಅವನಿಗೆ ಕಾರೇ ಅನ್ನ. ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಅವನಿಗೆ ರಿಯಾಯಿತಿ ಕೊಟ್ಟು, ಮನೆಯ ಎರಡನೇ, ಮೂರನೇ ಕಾರಿಗೆ ಜಾಸ್ತಿ ದರ ಹಾಕುವುದೇ ನ್ಯಾಯ ಅನ್ನಿಸುತ್ತದೆ.

2021ರಲ್ಲಿ ಸರ್ಕಾರ ಒಪ್ಪಿದ ಬೆಂಗಳೂರಿನ ಪಾರ್ಕಿಂಗ್ ನೀತಿಯಲ್ಲೂ ಮನೆ ಮುಂದೆ ನಿಲ್ಲಿಸಲು ಪರ್ಮಿಟ್ ಎಂಬ ಮಾತಿತ್ತು. ಪುಕ್ಕಟೆ ಸಿಗುತ್ತಿದ್ದುದಕ್ಕೆ ದುಡ್ಡು ಕೇಳಿದರೆ ಯಾರಿಗೆ ಹಿಡಿಸುತ್ತೆ? ಕ್ಯಾಲಿಫೋರ್ನಿಯಾದ ಪಾಸಡೀನಾ ಊರಿನ ಹಳೇ ಪೇಟೆಯಲ್ಲಿ ಪಾರ್ಕಿಂಗ್ ಮೀಟರ್ ಹಾಕಲು ಹೊರಟಾಗ ಅಂಗಡಿಯವರೂ ಬೇಡ ಎಂದಿದ್ದರು. ಬಂದ ದುಡ್ಡೆಲ್ಲ ಅದೇ ಪೇಟೆಯ ಫುಟ್‌ಪಾತು, ದೀಪ, ಗಿಡಗಳಿಗೆ ಅಂದ ಮೇಲೆ ಒಪ್ಪಿದರು. 1993ರಲ್ಲಿ ಮೀಟರ್ ಬಂದವು.

ನಿಮ್ಮ ರಸ್ತೆಯಲ್ಲೂ ಸುಮ್ನೆ ಕೇಳಿ ನೋಡಿ. ವರ್ಷಕ್ಕಿಷ್ಟು ಅಂತ ಕಟ್ಟಿದರೆ ಆ ದುಡ್ಡಲ್ಲಿ ನಿಮ್ಮದೇ ಫುಟ್‌ಪಾತಿನ ಅಲ್ಲಾಡುವ ಚಪ್ಪಡಿ ಸರಿಯಾಗುತ್ತೆ ಅಂದರೆ ಎಷ್ಟು ಮನೆಯವರು ಹೂಂ ಅಂತಾರೆ? ಲೆಕ್ಕ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.