14 ವರ್ಷದ ಬೆಕ್ಕು ರಾತ್ರಿಯೆಲ್ಲ ಕೂಗುತ್ತದೆ: ವಯಸ್ಸೋ, ಕಾಯಿಲೆಯೋ?

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕಿನ ಹಳ್ಳಿ. ತೆಂಗಿನ ತೋಟವಿದೆ, ಮನೆಯ ಅಟ್ಟದಲ್ಲಿ ಕೊಬ್ಬರಿ ಇರುತ್ತದೆ. ಇಲಿಗಳ ಕಾಟಕ್ಕೆಂದು ತಂದ ಹೆಣ್ಣು ಬೆಕ್ಕಿಗೆ ಈಗ 14 ವರ್ಷ. ಎರಡು ತಿಂಗಳಿಂದ ನಡುರಾತ್ರಿ ಎದ್ದು ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಕೂಗುತ್ತದೆ. ಹಾಲು ಅನ್ನವನ್ನು ಮೊದಲಿಗಿಂತ ಹೆಚ್ಚೇ ತಿನ್ನುತ್ತದೆ, ಆದರೂ ಬೆನ್ನುಮೂಳೆ ಕೈಗೆ ಸಿಗುವಷ್ಟು ಸೊರಗಿದೆ. ಬಚ್ಚಲ ಬಕೆಟ್ಟಿನ ನೀರನ್ನು ಪದೇ ಪದೇ ಕುಡಿಯುತ್ತದೆ. ಹಾಸಿಗೆಯ ಮೇಲೆ ಮೂತ್ರ ಮಾಡಲು ಶುರುಮಾಡಿದೆ, ಅಟ್ಟ ಹತ್ತುವುದನ್ನು ಬಿಟ್ಟಿದೆ. ಒಮ್ಮೆ ಶಕ್ತಿಯ ಇಂಜೆಕ್ಷನ್ ಕೊಡಿಸಿದೆವು, ಪ್ರಯೋಜನವಾಗಲಿಲ್ಲ. ವಯಸ್ಸಾಯಿತು, ಬೆಕ್ಕು ಅಳುವುದು ಮನೆಗೆ ಒಳ್ಳೆಯದಲ್ಲ, ಹೊರಗೆ ಬಿಡಿ ಎಂದು ಹಿರಿಯರು ಹೇಳುತ್ತಾರೆ. ಬೋರ್‌ವೆಲ್ ನೀರಿನಿಂದ ಹೀಗಾಗಿದೆಯೇ? ನೋವಿದ್ದರೆ ಪ್ಯಾರಾಸಿಟಮಾಲ್ ಕೊಡಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಇವತ್ತೇ ಪ್ರಾಣ ತೆಗೆಯಬಲ್ಲ ವಿಷಯ. ಪ್ಯಾರಾಸಿಟಮಾಲನ್ನು ಯಾವ ಬೆಕ್ಕಿಗೂ, ಯಾವ ಪ್ರಮಾಣದಲ್ಲೂ ಕೊಡಬಾರದು. ಆ ಔಷಧಿಯನ್ನು ಜೀರ್ಣಿಸಿ ಹೊರಹಾಕಲು ಬೇಕಾದ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆಯಿರುವುದರಿಂದ ಅದು ವಿಷವಾಗಿ ಮಾರ್ಪಟ್ಟು ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕೆಡಿಸುತ್ತದೆ. ಕೆಲವೇ ಗಂಟೆಗಳಲ್ಲಿ ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದಗಳು ಊದಿಕೊಳ್ಳುತ್ತವೆ, ಉಸಿರಾಟ ಕಷ್ಟವಾಗುತ್ತದೆ. ಮನುಷ್ಯರ 500 ಮಿಲಿಗ್ರಾಂ ಮಾತ್ರೆ ಒಂದೇ ಒಂದು ಸಾಕು, ಬೆಕ್ಕು ಸಾಯಲು. ಈಗಾಗಲೇ ಕೊಟ್ಟಿದ್ದರೆ ಉತ್ತರ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಮನೆಯಲ್ಲಿರುವ ಇತರ ನೋವಿನ ಮಾತ್ರೆಗಳೂ ಸುರಕ್ಷಿತವಲ್ಲ.

ಇನ್ನು ಮುಖ್ಯ ವಿಷಯ. ವಯಸ್ಸು ತಾನಾಗಿಯೇ ಬೆಕ್ಕನ್ನು ರಾತ್ರಿ ಕೂಗಿಸುವುದಿಲ್ಲ, ಎರಡು ತಿಂಗಳಲ್ಲಿ ಸೊರಗಿಸುವುದೂ ಇಲ್ಲ. ನೀವು ಬರೆದಿರುವ ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಅಂದರೆ ಹಸಿವು ಹೆಚ್ಚಿದ್ದರೂ ತೂಕ ಇಳಿಯುವುದು, ದಾಹ, ಹೆಚ್ಚು ಮೂತ್ರ, ರಾತ್ರಿಯ ಚಡಪಡಿಕೆ ಇಷ್ಟನ್ನೂ ಸೇರಿಸಿದರೆ, ಪಶುವೈದ್ಯರ ಮನಸ್ಸಿಗೆ ಮೊದಲು ಬರುವುದು ಮೂರು ಕಾಯಿಲೆಗಳು: ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ದೀರ್ಘಕಾಲದ ಮೂತ್ರಪಿಂಡ ವೈಫಲ್ಯ ಮತ್ತು ಸಕ್ಕರೆ ಕಾಯಿಲೆ. ಇವುಗಳಲ್ಲಿ ಎರಡು ಒಂದೇ ಬೆಕ್ಕಿನಲ್ಲಿ ಒಟ್ಟಿಗೆ ಇರುವುದು ವಿರಳವೇನಲ್ಲ. ಆದ್ದರಿಂದ ಒಂದು ಕಾರಣ ಸಿಕ್ಕಿದ ಕೂಡಲೇ ಹುಡುಕಾಟ ನಿಲ್ಲಿಸುವ ವೈದ್ಯರಿಗಿಂತ ಮುಂದಿನ ಪರೀಕ್ಷೆ ಹೇಳುವ ವೈದ್ಯರೇ ನಿಮಗೆ ಬೇಕಾದವರು.

ನಿಮ್ಮ ಪತ್ರದ ‘ಮೊದಲಿಗಿಂತ ಹೆಚ್ಚೇ ತಿನ್ನುತ್ತದೆ’ ಎಂಬ ಮಾತು ನನ್ನನ್ನು ಥೈರಾಯ್ಡ್ ಕಡೆಗೆ ಎಳೆಯುತ್ತದೆ. ಹತ್ತು ವರ್ಷ ದಾಟಿದ ಬೆಕ್ಕುಗಳಲ್ಲಿ ಈ ಗ್ರಂಥಿ ಬೆಳೆದು, ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲದ ಗಂಟಾಗಿ, ಹಾರ್ಮೋನನ್ನು ಮಿತಿಮೀರಿ ಸುರಿಸುವುದುಂಟು. ಆಗ ದೇಹ ತಿಂದದ್ದನ್ನೆಲ್ಲ ಸುಟ್ಟುಹಾಕುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ. ಬೆಕ್ಕು ಒಂದೆಡೆ ಕೂರದೆ ಅಲೆಯುತ್ತದೆ, ಕೂಗುತ್ತದೆ, ಕೆಲವೊಮ್ಮೆ ವಾಂತಿಯನ್ನೂ ಮಾಡುತ್ತದೆ. ಮನೆಯವರಿಗೆ ಇದು ಹುರುಪಾಗಿ ಕಾಣುವುದೇ ತೊಂದರೆ, ಚೆನ್ನಾಗಿ ತಿನ್ನುವ ಪ್ರಾಣಿಗೆ ಕಾಯಿಲೆಯಿದೆ ಎಂದು ಯಾರೂ ಅಂದುಕೊಳ್ಳುವುದಿಲ್ಲ. ರಕ್ತದಲ್ಲಿ ಟಿ4 ಎಂಬ ಥೈರಾಯ್ಡ್ ಹಾರ್ಮೋನನ್ನು ಅಳೆಯುವುದರಿಂದ ಹೆಚ್ಚಿನ ಪ್ರಕರಣಗಳು ಗೊತ್ತಾಗುತ್ತವೆ. ಆದರೆ ಬೇರೆ ಕಾಯಿಲೆಯೂ ಜೊತೆಗಿದ್ದರೆ ಟಿ4 ಸಾಮಾನ್ಯ ಮಟ್ಟದಲ್ಲೇ ಕಾಣಬಹುದು, ಆದ್ದರಿಂದ ವರದಿ ‘ನಾರ್ಮಲ್’ ಬಂದು ಲಕ್ಷಣಗಳು ಮುಂದುವರಿದರೆ ಕೆಲವು ವಾರಗಳ ನಂತರ ಮತ್ತೆ ಮಾಡಿಸಬೇಕು. ಮನುಷ್ಯರ ಲ್ಯಾಬಿನಲ್ಲಿ ಮಾಡಿಸಿದಾಗ ವರದಿಯಲ್ಲಿ ಅಚ್ಚಾಗಿರುವ ಮಿತಿ ಮನುಷ್ಯರದ್ದು, ಅದನ್ನು ಬೆಕ್ಕಿಗೆ ಹೋಲಿಸಿ ಸಮಾಧಾನಪಡಬೇಡಿ. ಚಿಕಿತ್ಸೆಗೆ ಮೆಥಿಮಜೋಲ್ ಅಥವಾ ಕಾರ್ಬಿಮಜೋಲ್ ಮಾತ್ರೆಗಳನ್ನು ಬಳಸುತ್ತಾರೆ, ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ಮೂತ್ರಪಿಂಡದ ವಿಷಯ ಸ್ವಲ್ಪ ಜಟಿಲ. ವಯಸ್ಸಾದ ಬೆಕ್ಕುಗಳಲ್ಲಿ ಬಹಳ ಸಾಮಾನ್ಯವಾದ ಈ ಕಾಯಿಲೆಯಲ್ಲಿ ಮೂತ್ರವನ್ನು ಗಟ್ಟಿಗೊಳಿಸುವ ಶಕ್ತಿ ಮೊದಲು ಹೋಗುತ್ತದೆ, ನೀರಿನಂಥ ಮೂತ್ರ ಹೆಚ್ಚಾಗಿ ಹೊರಹೋಗುವುದರಿಂದಲೇ ಬೆಕ್ಕು ಬಕೆಟ್ಟಿನತ್ತ ಓಡುತ್ತದೆ. ಮೂತ್ರಪಿಂಡ ಹೊರಹಾಕಬೇಕಾದ ಕಲ್ಮಶವನ್ನು ರಕ್ತದಲ್ಲಿ ಅಳೆಯುವ, ನಾವು ನಂಬಿಕೊಂಡಿರುವ ಕ್ರಿಯಾಟಿನಿನ್ ಪರೀಕ್ಷೆಯಲ್ಲಿ ಏರಿಕೆ ಕಾಣುವ ಹೊತ್ತಿಗೆ ಮೂತ್ರಪಿಂಡದ ಕೆಲಸ ಮಾಡುವ ಭಾಗದಲ್ಲಿ ಸುಮಾರು ನಾಲ್ಕನೇ ಮೂರರಷ್ಟು ಆಗಲೇ ನಷ್ಟವಾಗಿರುತ್ತದೆ. ಇದಕ್ಕೆ ಇನ್ನೊಂದು ತೊಡಕಿದೆ: ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ, ನಿಮ್ಮ ಬೆಕ್ಕಿನಂತೆ ಸ್ನಾಯು ಕರಗಿದ ಪ್ರಾಣಿಯಲ್ಲಿ ಅದರ ಅಂಕಿ ಇರಬೇಕಾದ್ದಕ್ಕಿಂತ ಕಡಿಮೆ ಬರುತ್ತದೆ. ಥೈರಾಯ್ಡ್ ಅತಿಯಾದಾಗ ಮೂತ್ರಪಿಂಡಕ್ಕೆ ರಕ್ತದ ಹರಿವು ಹೆಚ್ಚುವುದರಿಂದಲೂ ಆ ಕಾಯಿಲೆ ಮರೆಯಾಗಿ ಕೂರುತ್ತದೆ. ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ ಬಯಲಾಗುತ್ತದೆ. ಇದನ್ನು ಕಂಡು ‘ಮಾತ್ರೆಯೇ ಕಿಡ್ನಿ ಹಾಳುಮಾಡಿತು’ ಎಂದು ಔಷಧಿ ನಿಲ್ಲಿಸಿದವರನ್ನು ನೋಡಿದ್ದೇನೆ. ಮಾತ್ರೆ ಆರಂಭಿಸಿದ ಮೂರು ನಾಲ್ಕು ವಾರಕ್ಕೆ ಮೂತ್ರಪಿಂಡದ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು ಎನ್ನುವುದು ಇದೇ ಕಾರಣಕ್ಕೆ. ಮೂತ್ರದ ಸಾಂದ್ರತೆ ನೋಡುವ ಪರೀಕ್ಷೆ ಅಗ್ಗದ್ದು, ಸರಳವಾದದ್ದು, ಆದರೂ ಬಹಳ ಕಡೆ ಬಿಟ್ಟುಹೋಗುತ್ತದೆ. ಅದು 1.035ಕ್ಕಿಂತ ಕೆಳಗೆ ಪದೇ ಪದೇ ಬಂದರೆ ರಕ್ತದ ವರದಿ ಚೆನ್ನಾಗಿದ್ದರೂ ಎಚ್ಚರಗೊಳ್ಳಬೇಕು.

ಸಕ್ಕರೆ ಕಾಯಿಲೆಯ ಬಗ್ಗೆ ಒಂದೇ ಎಚ್ಚರಿಕೆ. ಭಯಗೊಂಡ ಬೆಕ್ಕಿನ ರಕ್ತದ ಸಕ್ಕರೆ ಆಸ್ಪತ್ರೆಯ ಮೇಜಿನ ಮೇಲೆ ತಾತ್ಕಾಲಿಕವಾಗಿ ಏರುತ್ತದೆ. ಒಂದು ಬಾರಿಯ ಹೆಚ್ಚಿನ ಅಂಕಿಯನ್ನು ನಂಬಿ ಇನ್ಸುಲಿನ್ ಶುರುಮಾಡಬಾರದು. ಮೂತ್ರದಲ್ಲೂ ಸಕ್ಕರೆ ಇದೆಯೇ ಎಂದು ನೋಡಬೇಕು, ಸಾಧ್ಯವಾದರೆ ಹಿಂದಿನ ಕೆಲವು ವಾರಗಳ ಸಕ್ಕರೆಯ ಸರಾಸರಿ ಮಟ್ಟ ತಿಳಿಸುವ ಫ್ರಕ್ಟೋಸಮೀನ್ ಎಂಬ ರಕ್ತಪರೀಕ್ಷೆ ಮಾಡಿಸಬೇಕು.

ಈ ಕಾಯಿಲೆಗಳಲ್ಲಿ ಮೊದಲೆರಡರ ಬೆನ್ನಿಗೇ ಬರುವುದು ರಕ್ತದೊತ್ತಡ. ರಾತ್ರಿಯ ಕೂಗಿಗೆ ಇದೂ ಕಾರಣವಾಗಬಲ್ಲದು. ಮೇಲಿನ ಒತ್ತಡ 160 ದಾಟಿ ಹಾಗೇ ಉಳಿದರೆ ಕಣ್ಣಿನ ಒಳಪದರ ಕಳಚಿಕೊಂಡು ಬೆಕ್ಕು ಒಂದೇ ದಿನದಲ್ಲಿ ಕುರುಡಾಗಬಹುದು. ಕತ್ತಲಲ್ಲಿ ಅಲ್ಲ, ಬೆಳಕಿರುವ ಕೋಣೆಯಲ್ಲೂ ಕಣ್ಣಿನ ಪಾಪೆ ದೊಡ್ಡದಾಗಿಯೇ ಉಳಿಯುತ್ತದೆಯೇ, ಟಾರ್ಚ್ ಬೆಳಕಿಗೆ ಕುಗ್ಗುತ್ತದೆಯೇ ಎಂಬುದನ್ನು ಇವತ್ತು ಸಂಜೆಯೇ ನೋಡಿ. ಕುಗ್ಗದಿದ್ದರೆ ಅದು ವಾರ ಕಾಯುವ ವಿಷಯವಲ್ಲ. ಇದಕ್ಕೆ ಬಳಸುವ ಆಮ್ಲೋಡಿಪಿನ್ ಮನೆಯ ಹಿರಿಯರ ಡಬ್ಬಿಯಲ್ಲೂ ಇರಬಹುದು, ಆದರೆ ಬೆಕ್ಕಿನ ಪ್ರಮಾಣ ಅದರ ಚೂರು ಮಾತ್ರ. ಒತ್ತಡ ಅಳೆಯದೆ ಕೊಡುವಂತಿಲ್ಲ.

ಅಟ್ಟ ಹತ್ತುವುದನ್ನು ಬಿಟ್ಟಿದ್ದು ಪ್ರತ್ಯೇಕ ಸುಳಿವು. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 12 ವರ್ಷ ಮೀರಿದ 100 ಬೆಕ್ಕುಗಳ ಎಕ್ಸ್‌ರೇ ಪರಿಶೀಲಿಸಿದಾಗ 90ರಲ್ಲಿ ಕೀಲು ಸವೆತದ ಗುರುತುಗಳಿದ್ದವು. ಬೆಕ್ಕು ನಾಯಿಯಂತೆ ಕುಂಟುವುದಿಲ್ಲ, ಮಾಡುತ್ತಿದ್ದ ಕೆಲಸವನ್ನು ಸದ್ದಿಲ್ಲದೆ ಬಿಡುತ್ತದೆ. ಏಣಿಯ ಬುಡದಲ್ಲಿ ನಿಂತು ಮೇಲೆ ನೋಡಿ, ಮುಂಗಾಲು ಎತ್ತಿ, ಮತ್ತೆ ಇಳಿಸಿ ಹೊರಟುಹೋಗುತ್ತದೆಯೇ? ಬೆನ್ನಿನ ಹಿಂಭಾಗದ ಕೂದಲನ್ನು ನೆಕ್ಕಿಕೊಳ್ಳದೆ ಅಲ್ಲಿ ಗಂಟು ಕಟ್ಟಿದೆಯೇ? ಉಗುರು ದಪ್ಪವಾಗಿ, ಬಾಗಿ, ಚಾಪೆಗೆ ಸಿಕ್ಕಿಕೊಳ್ಳುತ್ತಿದೆಯೇ? ಇವೆಲ್ಲ ಕೀಲುನೋವಿನ ಕುರುಹುಗಳು. ಹಾಸಿಗೆ ಒದ್ದೆಯಾಗುವುದಕ್ಕೂ ಇದಕ್ಕೂ ನಂಟಿದೆ: ಮೂತ್ರ ಹೆಚ್ಚಾದ, ಮೆಟ್ಟಿಲಿಳಿದು ಅಂಗಳದ ಮಣ್ಣಿಗೆ ಹೋಗಲು ನೋಯುವ ಬೆಕ್ಕು ಹತ್ತಿರದ ಮೆತ್ತನೆಯ ಜಾಗವನ್ನು ಆರಿಸಿಕೊಳ್ಳುತ್ತದೆ. ಬಯ್ಯಬೇಡಿ. ನಡುಮನೆಯ ಮೂಲೆಯಲ್ಲಿ ಅಂಚು ಗಿಡ್ಡವಿರುವ ಅಗಲ ತಟ್ಟೆಗೆ ತೋಟದ ಮಣ್ಣು ಹಾಕಿ ಇಡಿ. ಮೂತ್ರದ ಸೋಂಕೂ ವಯಸ್ಸಾದ ಹೆಣ್ಣು ಬೆಕ್ಕುಗಳಲ್ಲಿ ಸಾಮಾನ್ಯವಾದ್ದರಿಂದ ಅದನ್ನೂ ಪರೀಕ್ಷಿಸಬೇಕು.

ಅಟ್ಟದ ಮಾತು ಬಂದಾಗ ಇನ್ನೊಂದು ವಿಷಯ ಹೇಳಲೇಬೇಕು, ನಿಮ್ಮ ಪತ್ರದಲ್ಲಿ ನೀವು ಕೇಳದೇ ಇದ್ದರೂ. ನಮ್ಮ ಕಡೆಯ ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕಿಗೆ ಹಾಲು ಅನ್ನ, ಮೊಸರನ್ನ ಬಿಟ್ಟರೆ ಬೇರೆ ಇಡುವುದಿಲ್ಲ. ಆದರೂ ಬೆಕ್ಕುಗಳು ಚೆನ್ನಾಗಿಯೇ ಬಾಳುತ್ತವೆ. ಅದು ಹಾಲು ಅನ್ನದ ಮಹಿಮೆಯಲ್ಲ, ಅಟ್ಟದ ಇಲಿಯದ್ದು. ಬೆಕ್ಕಿಗೆ ಮಾಂಸದಿಂದಷ್ಟೇ ಸಾಕಷ್ಟು ದೊರೆಯುವ ಟಾರಿನ್ ಎಂಬ ಅಂಶ ಬೇಕೇಬೇಕು, ಕೊರತೆಯಾದರೆ ದೃಷ್ಟಿ ಮತ್ತು ಹೃದಯ ಎರಡೂ ಹಾಳಾಗುತ್ತವೆ. ನಿಮ್ಮ ಬೆಕ್ಕು ಬೇಟೆ ಬಿಟ್ಟ ದಿನದಿಂದ ಅದರ ನಿಜವಾದ ಊಟ ನಿಂತುಹೋಗಿದೆ. ಈಗ ಅದು ಹೆಚ್ಚು ತಿನ್ನುವುದಕ್ಕೆ ಒಂದು ಕಾರಣ ಹೊಟ್ಟೆ ತುಂಬಿದರೂ ಪೋಷಣೆ ಸಿಗದಿರುವುದೂ ಆಗಿರಬಹುದು, ಹಾಗೆಂದು ಪರೀಕ್ಷೆ ತಪ್ಪಿಸುವಂತಿಲ್ಲ. ಮನೆಯಲ್ಲಿ ಮಾಂಸ ಬೇಯಿಸುವುದಕ್ಕೆ ಒಪ್ಪಿಗೆಯಿಲ್ಲದಿದ್ದರೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರವನ್ನು, ಸಾಧ್ಯವಾದರೆ ಒದ್ದೆಯಾದುದನ್ನು, ಹಳೆಯ ಊಟದ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ ಹತ್ತು ದಿನಗಳಲ್ಲಿ ಬದಲಾಯಿಸಿ. ಬೆಕ್ಕು ಬೇಟೆ ಬಿಟ್ಟ ಮೇಲೆ ಅಟ್ಟದಲ್ಲಿ ಇಲಿ ಪಾಷಾಣ ಇಟ್ಟಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಬ್ರೊಮಾಡಿಯೊಲೋನ್ ಎಂಬ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣ ತಿಂದು ತೂಕಡಿಸುವ ಇಲಿಯನ್ನು ಮುದಿ ಬೆಕ್ಕೂ ಹಿಡಿಯಬಲ್ಲದು. ಎರಡು ತಿಂಗಳ ದಾಹ ಆ ವಿಷದ ಲಕ್ಷಣವಲ್ಲ, ಆದರೆ ಒಸಡು ಬಿಳಿಚಿಕೊಂಡು ಬೆಕ್ಕು ಏಕಾಏಕಿ ಸುಸ್ತಾದರೆ ಮೊದಲು ನೆನಪಾಗಬೇಕಾದ್ದು ಅದೇ.

ಬೋರ್‌ವೆಲ್ ನೀರಿನ ಅನುಮಾನ ಸಹಜವೇ. ಪಾವಗಡ, ಬಾಗೇಪಲ್ಲಿ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟುವುದು ಹಳೆಯ ಸಮಸ್ಯೆ. ಆದರೂ ನಿಮ್ಮ ಬೆಕ್ಕು ಹೆಚ್ಚು ಕುಡಿಯುತ್ತಿರುವುದು ಕಾಯಿಲೆಯ ಪರಿಣಾಮ. ನೀರನ್ನು ಕಾರಣವೆಂದು ಹಿಡಿದು ಕೂತರೆ ದಿನಗಳು ಹೋಗುತ್ತವೆ. ನೀವು ಕುಡಿಯುವ ನೀರನ್ನೇ ಅದಕ್ಕೂ ಇಡಿ, ಎಷ್ಟು ಕುಡಿದರೂ ತಡೆಯಬೇಡಿ.

ತಡೆಯುವ ಬದಲು ಅಳೆಯಿರಿ. ಬಚ್ಚಲ ಬಾಗಿಲು ಮುಚ್ಚಿ, ಸ್ಟೀಲ್ ಬಟ್ಟಲಿಗೆ 500 ಮಿಲಿಲೀಟರ್ ನೀರು ಅಳೆದು ಹಾಕಿ, ಅಂಥದೇ ಇನ್ನೊಂದು ಬಟ್ಟಲನ್ನು ಬೆಕ್ಕಿಗೆ ಸಿಗದ ಎತ್ತರದಲ್ಲಿ ಇಡಿ. 24 ಗಂಟೆಯ ನಂತರ ಎರಡನ್ನೂ ಅಳೆದು, ಎತ್ತರದ ಬಟ್ಟಲಿನಲ್ಲಿ ಆವಿಯಾದಷ್ಟನ್ನು ಕಳೆಯಿರಿ. ಕುಡಿದ ಹಾಲನ್ನೂ ಲೆಕ್ಕಕ್ಕೆ ಸೇರಿಸಿ. ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 100 ಮಿಲಿಲೀಟರ್ ಮೀರಿದರೆ ಅದು ಖಚಿತವಾಗಿ ಅತಿಯಾದ ದಾಹ. ತೂಕಕ್ಕೆ ಕೊಬ್ಬರಿ ತೂಗುವ ದೊಡ್ಡ ತಕ್ಕಡಿ ಬೇಡ, ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಬುಟ್ಟಿಯಲ್ಲಿ ಕೂರಿಸಿ ವಾರಕ್ಕೊಮ್ಮೆ ಬರೆದಿಡಿ. ನಾಲ್ಕು ಕಿಲೋ ಬೆಕ್ಕಿನಲ್ಲಿ 400 ಗ್ರಾಂ ಇಳಿದರೆ ದೇಹದ ಹತ್ತನೇ ಒಂದು ಭಾಗ ಹೋದಂತೆ. ಮಲಗಿದ್ದಾಗ ಹೊಟ್ಟೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ, 30ಕ್ಕಿಂತ ಹೆಚ್ಚು ಬಾರಿ ಏರುತ್ತಿದ್ದರೆ ಹೃದಯ ಅಥವಾ ಶ್ವಾಸಕೋಶದ ತೊಂದರೆಯನ್ನು ಶಂಕಿಸಬೇಕು. ರಾತ್ರಿಯ ಕೂಗನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆಯಲ್ಲಿ ಬೆಕ್ಕು ಉಸಿರುಬಿಡದೆ ಮುದುಡಿ ಕೂರುತ್ತದೆ, ವೈದ್ಯರಿಗೆ ಕಾಣುವುದು ಆ ಮುದುಡಿದ ಬೆಕ್ಕು ಮಾತ್ರ.

ಬುದ್ಧಿ ಮಂಕಾಗುವ ಕಾಯಿಲೆ ಬೆಕ್ಕುಗಳಿಗೂ ಬರುತ್ತದೆ, ಹದಿನೈದರ ನಂತರ ಹೆಚ್ಚು. ಗೋಡೆ ನೋಡುತ್ತ ನಿಲ್ಲುವುದು, ಪರಿಚಿತ ಮನೆಯಲ್ಲೇ ದಾರಿ ತಪ್ಪುವುದು, ಹಗಲು ರಾತ್ರಿ ಅದಲುಬದಲಾಗುವುದು ಅದರ ಲಕ್ಷಣಗಳು. ಆದರೆ ಅದನ್ನು ಖಚಿತಪಡಿಸುವ ರಕ್ತಪರೀಕ್ಷೆಯಿಲ್ಲ, ಮೇಲಿನದ್ದೆಲ್ಲ ಅಲ್ಲವೆಂದಾದ ಮೇಲಷ್ಟೇ ಆ ಹೆಸರು ಇಡಬಹುದು. ಕಿವಿ ಕೇಳದ ಬೆಕ್ಕೂ ತನ್ನ ದನಿಯ ಅಳತೆ ಸಿಗದೆ ಗಟ್ಟಿಯಾಗಿ ಕೂಗುತ್ತದೆ. ಅಪಶಕುನದ ಮಾತಿಗೆ ನಾನು ವಾದ ಹೂಡುವುದಿಲ್ಲ. ಆದರೆ ಕಣ್ಣು, ಕಿವಿ, ಕೀಲು ದುರ್ಬಲವಾದ ಪ್ರಾಣಿಯನ್ನು ರಾತ್ರಿ ಹೊರಗೆ ಬಿಟ್ಟರೆ ಬೀದಿನಾಯಿಗಳು ಉಳಿಸುವುದಿಲ್ಲ ಎಂದು ಹಿರಿಯರಿಗೆ ತಿಳಿಸಿ. ನಡುಮನೆಯಲ್ಲಿ ಸಣ್ಣ ದೀಪವೊಂದನ್ನು ಉರಿಯಲು ಬಿಡಿ.

ಬಾಯಿ ತೆರೆದು ಉಸಿರಾಡಿದರೆ, ಹಿಂಗಾಲುಗಳು ಏಕಾಏಕಿ ಬಿದ್ದುಹೋಗಿ ತಣ್ಣಗಾದರೆ, ಫಿಟ್ಸ್ ಬಂದರೆ, ದಿನವಿಡೀ ಮೂತ್ರ ಬಾರದಿದ್ದರೆ ಅದೇ ದಿನ ಹೊರಡಬೇಕು. ಎರಡು ದಿನ ಏನೂ ತಿನ್ನದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುವ ಅಪಾಯವಿರುವುದರಿಂದ ಉಪವಾಸವನ್ನೂ ಕಾದು ನೋಡಬಾರದು.

ಈ ಯಾವುದೂ ಇಲ್ಲದಿದ್ದರೆ ಈ ವಾರದೊಳಗೆ ತೋರಿಸಿ. ನಿಮ್ಮೂರಿನಲ್ಲಿ ಹಸು ಎಮ್ಮೆಗಳಿಗೆ ಒಳ್ಳೆಯ ವೈದ್ಯರಿದ್ದರೂ ಬೆಕ್ಕಿನ ರಕ್ತದೊತ್ತಡ ಅಳೆಯುವ ಪಟ್ಟಿ ಇರಲಿಕ್ಕಿಲ್ಲ. ತುಮಕೂರಿನ ಸಾಕುಪ್ರಾಣಿ ಕ್ಲಿನಿಕ್‌ಗೆ ಮೊದಲೇ ಫೋನ್ ಮಾಡಿ ಆ ಸೌಲಭ್ಯವಿದೆಯೇ ಎಂದು ಕೇಳಿ, ಇಲ್ಲವಾದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಬುಟ್ಟಿಯನ್ನು ಬಟ್ಟೆಯಿಂದ ಮುಚ್ಚಿ ಕರೆದೊಯ್ಯಿರಿ, ಒತ್ತಡವನ್ನು ರಕ್ತ ತೆಗೆಯುವ ಮೊದಲೇ ಅಳೆಯಲು ಹೇಳಿ. ಎಲ್ಲ ಪರೀಕ್ಷೆಗೂ ಹಣ ಹೊಂದದಿದ್ದರೆ ನನ್ನ ಕ್ರಮ ಹೀಗಿದೆ: ಮೊದಲು ಮೂತ್ರದ ಸಾಂದ್ರತೆ ಮತ್ತು ಸಕ್ಕರೆ, ಜೊತೆಗೆ ಕ್ರಿಯಾಟಿನಿನ್ ಮತ್ತು ರಕ್ತದೊತ್ತಡ, ಅದರ ಮೇಲೆ ಟಿ4. ಕೊನೆಯಲ್ಲಿದೆ ಎಂದು ಟಿ4 ಅನ್ನು ಕೈಬಿಡಬೇಡಿ. ನಿಮ್ಮ ಬೆಕ್ಕಿಗೆ ಥೈರಾಯ್ಡ್ ತೊಂದರೆಯೇ ಇದ್ದರೆ, ಸರಿಯಾದ ಪ್ರಮಾಣದ ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ತೂಕ ಮರಳುತ್ತದೆ, ರಾತ್ರಿಯ ಕೂಗೂ ತಗ್ಗುತ್ತದೆ.