ಅಲಾರಂ ಹೊಡ್ಕೊಂಡ್ರೆ ಫೋನ್ ಎತ್ತೋರು ಯಾರು?

ಪ್ರಶ್ನೆ: ನಮಸ್ಕಾರ ಸರ್, ನಾವು ಮುಂಬೈ ಹತ್ರದ ಡೊಂಬಿವಲಿಯ ಒಂದು ಸಣ್ಣ ಕನ್ನಡ ಬಳಗದವರು. ಮಕ್ಕಳು ಪುಣೆ, ಬೆಂಗಳೂರು, ಅಮೆರಿಕ ಅಂತ ಹೋಗಿ ಫ್ಲ್ಯಾಟಲ್ಲಿ ಒಬ್ಬೊಬ್ಬರೇ ಉಳ್ಕೊಂಡಿರೋ ಹಿರಿಯರು ನಮ್ಮಲ್ಲಿ ಜಾಸ್ತಿ ಆಗ್ತಿದ್ದಾರೆ. ದಾನಿಯೊಬ್ಬರು ಐವತ್ತು ಮನೆಗೆ ಬಿಪಿ ಮಷಿನ್, ಸ್ಮಾರ್ಟ್ ವಾಚ್, ಎಮರ್ಜೆನ್ಸಿ ಬಟನ್ ಕೊಡಿಸ್ತೀನಿ ಅಂದಿದ್ದಾರೆ. ಕಮಿಟಿಯಲ್ಲಿ ಒಬ್ಬರು ಆಪ್ ಮಾಡಿಸೋಣ ಅಂತಾರೆ, ಒಬ್ಬರು ಆಸ್ಪತ್ರೆ ಜೊತೆ ಟೈ-ಅಪ್ ಅಂತಾರೆ, ಮತ್ತೊಬ್ಬರಿಗೆ ರಾಜ್ಯೋತ್ಸವಕ್ಕೇ ಉದ್ಘಾಟನೆ ಆಗ್ಬೇಕಂತೆ. ಎಲ್ಲಿಂದ ಶುರು ಮಾಡೋದು?
– ಓದುಗರು, ಡೊಂಬಿವಲಿ ಪೂರ್ವ

ಉತ್ತರ: ರಾಜ್ಯೋತ್ಸವದವರಿಗೆ ಒಂದು ಕಾಫಿ ಕೊಟ್ಟು ಕೂರಿಸಿ. ಉದ್ಘಾಟನೆ ಮಾಡೋದ್ರಲ್ಲಿ ನಮ್ಮ ಸಂಘದವರನ್ನ ಮೀರಿಸೋರಿಲ್ಲ, ಆಮೇಲೆ ನಡೆಸೋಕೆ ಜನ ಸಿಗಲ್ಲ ಅಷ್ಟೇ.

ಈಗ ರಾತ್ರಿ ಎರಡೂವರೆಗೆ ಒಬ್ಬ ಅಜ್ಜಿ ಬಾತ್‌ರೂಮಲ್ಲಿ ಬಿದ್ದು ಬಟನ್ ಒತ್ತಿದ್ರು ಅಂತ ಇಟ್ಕೊಳಿ. ಫೋನ್ ಯಾರಿಗೆ ಹೋಗುತ್ತೆ? ಅಮೆರಿಕದ ಮಗನಿಗೆ ಹೋದ್ರೆ ಅವನು ಆಫೀಸ್ ಮೀಟಿಂಗಲ್ಲಿ, ನಿಮ್ಮ ಸೆಕ್ರೆಟರಿಗೆ ಹೋದ್ರೆ ಅವರ ಫೋನ್ ಸೈಲೆಂಟಲ್ಲಿ, ಸರಿ ಥಾಣೆ ಊರಲ್ಲಿರೋ ಯಾರೋ ಸ್ವಯಂಸೇವಕರು ಎತ್ತಿದ್ರು ಅಂದ್ಕೊಂಡ್ರೂ ಆ ಹೊತ್ತಲ್ಲಿ ಲೋಕಲ್ ಟ್ರೇನ್ ಇರಲ್ಲ, ಹಗಲೇ ಆದ್ರೂ ಜುಲೈ ಮಳೆಗೆ ಟ್ರ್ಯಾಕ್ ಮೇಲೆ ನೀರು ನಿಂತ್ರೆ ಸೆಂಟ್ರಲ್ ಲೈನ್ ಗತಿ ನಿಮಗೇ ಗೊತ್ತು. ಹೇಗೋ ಬಂದು ಮುಟ್ಟಿದ್ರೆ ಬಾಗಿಲಿಗೆ ಒಳಗಿಂದ ಚಿಲಕ! ಹಾಗಾಗಿ ಮೊದಲು ಪ್ರತಿ ಮನೆಗೂ ಅದೇ ಬಿಲ್ಡಿಂಗಲ್ಲಿ ಇಬ್ಬರನ್ನ ಗೊತ್ತು ಮಾಡಿ, ಡುಪ್ಲಿಕೇಟ್ ಕೀ ಅವರ ಹತ್ರ ಇರ್ಲಿ, ರಾತ್ರಿ ಒಳಚಿಲಕ ಹಾಕಬೇಡಿ, ಹೊರಗಿಂದಲೂ ತೆಗೆಯೋಕೆ ಬರೋ ಲಾಕ್ ಹಾಕ್ಕೊಳಿ ಅಂತ ಹಿರಿಯರನ್ನ ಒಪ್ಪಿಸಿ, ಸೊಸೈಟಿ ವಾಚ್‌ಮನ್‌ಗೂ ಹೇಳಿಡಿ. 108ಕ್ಕೆ ಫೋನ್ ಮಾಡೋದು ಯಾರು, ಆಂಬುಲೆನ್ಸ್‌ಗೆ ಗೇಟ್ ತೆಗೆಸೋದು ಯಾರು ಅಂತ ಬರೆದಿಡಿ. ಇಷ್ಟು ಆಗದ ಮನೆಗೆ ಬಟನ್ ಕೊಡಲೇಬೇಡಿ, ಕೊಟ್ರೆ ಬರೀ ಸುಳ್ಳು ಧೈರ್ಯ.

ಎರಡನೇದು, ಐವತ್ತು ಮನೆಗೂ ಒಂದೇ ಕಿಟ್ ಅನ್ನೋದನ್ನ ಬಿಡಿ. ಬೀಳೋ ಭಯ ಇರೋರಿಗೆ ಬೇಕಾಗಿದ್ದೇ ಬೇರೆ, ಬಿಪಿ ಇರೋರಿಗೆ ಬೇರೆ. ಹಾರ್ಟ್ ಫೇಲ್ಯೂರ್ (ಹೃದಯ ರಕ್ತವನ್ನ ಸರಿಯಾಗಿ ಪಂಪ್ ಮಾಡದ ಕಾಯಿಲೆ) ಇರೋರಿಗಂತೂ ವಾಚ್‌ಗಿಂತ ಸಾದಾ ತೂಕದ ಮಷಿನ್ ಹೆಚ್ಚು ಉಪಯೋಗ, ಮೈಯಲ್ಲಿ ನೀರು ತುಂಬ್ಕೊಳ್ಳೋಕೆ ಶುರುವಾದ್ರೆ ಉಸಿರುಗಟ್ಟೋಕೆ ಮುಂಚೇನೇ ತೂಕದಲ್ಲಿ ಗೊತ್ತಾಗಬಹುದು, ಮೂರು ದಿನದಲ್ಲಿ 2 ಕಿಲೋಗಿಂತ ಜಾಸ್ತಿ ಏರಿದ್ರೆ ಡಾಕ್ಟರಿಗೆ ಫೋನ್ ಮಾಡ್ಬೇಕು. ಬಿಪಿ ಮಷಿನ್ ತಗೊಂಡ್ರೆ ತೋಳಿಗೆ ಕಟ್ಟೋದನ್ನೇ ತಗೊಳಿ, ಮಣಿಕಟ್ಟಿಂದು ಬೇಡ. ಐದು ನಿಮಿಷ ಸುಮ್ನೆ ಕೂತು, ಮಾತಾಡದೆ, ಒಂದು ನಿಮಿಷ ಬಿಟ್ಟು ಎರಡು ಸಲ ನೋಡೋದನ್ನ ಕಲಿಸಿ. ಮನೆಯಲ್ಲಿ ನೋಡಿದ ಸರಾಸರಿ 135/85 ಅಥವಾ ಅದಕ್ಕಿಂತ ಮೇಲೇ ಇರ್ತಾ ಇದ್ರೆ ಡಾಕ್ಟರಿಗೆ ತೋರಿಸ್ಬೇಕು. ಈ ಮೂರರಲ್ಲಿ ಯಾವುದಾದ್ರೂ ಒಂದು ಗುಂಪನ್ನ ಈ ವರ್ಷಕ್ಕೆ ಹಿಡ್ಕೊಳಿ, ಮಿಕ್ಕವರಿಗೆ "ಈಗಲ್ಲ" ಅಂತ ಬಾಯಿಬಿಟ್ಟು ಹೇಳಿ. ಈ "ಈಗಲ್ಲ" ಹೇಳೋಕೆ ಕಮಿಟಿಗೆ ಧೈರ್ಯ ಬಂದ ದಿನ ನಿಮ್ಮ ಪ್ಲಾನ್ ಅರ್ಧ ಮುಗೀತು.

ಟೈ-ಅಪ್ ಬಗ್ಗೆ ಆಸ್ಪತ್ರೆಯವರಿಗೆ ಒಂದೇ ಕೇಳಿ, ಈ ಬಿಪಿ, ತೂಕದ ರೀಡಿಂಗ್‌ಗಳನ್ನ ದಿನಾ ನೋಡೋದು ಯಾರು, ಭಾನುವಾರ ಯಾರು? ಬರವಣಿಗೆಯಲ್ಲಿ ಕೊಡ್ಲಿ. ನಿಮ್ಮ ಸ್ವಯಂಸೇವಕರು "ಆ ಮಾತ್ರೆ ಅರ್ಧ ಮಾಡಿ ಅಂಕಲ್" ಅನ್ನೋ ಹಾಗೇ ಇಲ್ಲ. 2020ರ ಮಾರ್ಚಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಫೋನಲ್ಲಾದ್ರೂ ಔಷಧ ಬರೆಯೋದು ನೋಂದಾಯಿತ ಡಾಕ್ಟರೇ ಆಗಿರ್ಬೇಕು, ಎಐ ಆಪ್ ತಾನೇ ಸಲಹೆ ಕೊಡೋ ಹಾಗೂ ಇಲ್ಲ, ಔಷಧ ಬರೆಯೋ ಹಾಗೂ ಇಲ್ಲ. ಹಾಗೇ ಅಜ್ಜನ ಶುಗರ್ ರೀಡಿಂಗ್ ಬಳಗದ ವಾಟ್ಸಾಪ್ ಗ್ರೂಪಿಗೆ ಹಾಕೋದು ನಿಲ್ಲಿಸಿ (ಹಾಕ್ತಿದ್ದೀರಿ ಅಂತ ನನ್ನ ಗುಮಾನಿ). 2023ರಲ್ಲಿ ಡಿಜಿಟಲ್ ಡೇಟಾ ರಕ್ಷಣೆಗೆ ಅಂತಲೇ ಕಾಯ್ದೆ ಬಂದಿದೆ, ಒಪ್ಪಿಗೆ ಪತ್ರ ಕನ್ನಡದಲ್ಲೇ ಮಾಡಿ, ಮಗನ ಸಹಿ ಸಾಲದು, ಅವರದ್ದೇ ಬೇಕು.

ಇದೆಲ್ಲ ಅತಿಯಾಯ್ತು ಅನ್ಸಿದ್ರೆ ಇಂಗ್ಲೆಂಡಿಂದು ಕೇಳಿ. ಅಲ್ಲಿ ಸರ್ಕಾರವೇ 2008ರಲ್ಲಿ ಕೆಂಟ್, ಕಾರ್ನ್‌ವಾಲ್, ನ್ಯೂಹ್ಯಾಮ್ ಅನ್ನೋ ಮೂರು ಕಡೆ ಮನೆಮನೆಗೆ ಇಂಥವೇ ಉಪಕರಣ ಕೊಟ್ಟು ದೊಡ್ಡದಾಗಿ ಪರೀಕ್ಷೆ ಮಾಡ್ತು. ಶುಗರ್, ಹಾರ್ಟ್ ಫೇಲ್ಯೂರ್, ಉಸಿರಾಟದ ಕಾಯಿಲೆ ಇರೋ 3,230 ಜನರ ಮೇಲೆ ನಡೆದ ಟೆಲಿಹೆಲ್ತ್ (ಮನೆಯಿಂದಲೇ ರೀಡಿಂಗ್ ಕಳಿಸೋದು) ಭಾಗದಲ್ಲಿ ಸಾವೂ ಎಮರ್ಜೆನ್ಸಿ ಅಡ್ಮಿಷನ್ನೂ ಕಮ್ಮಿ ಕಂಡ್ವು, ಆದ್ರೆ ಖರ್ಚಿನ ಲೆಕ್ಕ ಹಾಕಿದ್ರೆ ಹೊಂದಲಿಲ್ಲ. ಬೀಳೋದನ್ನ ಪತ್ತೆ ಹಚ್ಚೋ ಸೆನ್ಸರ್, ಅಲಾರಂ ಥರದ್ದು ಕೊಟ್ಟ ಭಾಗದಲ್ಲಂತೂ ಆಸ್ಪತ್ರೆಗೆ ಹೋಗೋದು ಹೇಳಿಕೊಳ್ಳೋ ಅಷ್ಟು ಇಳೀಲೇ ಇಲ್ಲ. ಯಾರಿಗೆ, ಯಾತಕ್ಕೆ ಅನ್ನೋದ್ರ ಮೇಲೆ ಫಲ ಇಷ್ಟು ಬದಲಾಗುತ್ತೆ.

ಆದ್ದರಿಂದ ಹತ್ತು ಮನೆ, ಮೂರು ತಿಂಗಳು. ಅಲಾರಂ ಎಷ್ಟು ಸಲ ಬಂತು, ಅದ್ರಲ್ಲಿ ಸುಳ್ಳೆಷ್ಟು, ಬಾಗಿಲು ಮುಟ್ಟೋಕೆ ಎಷ್ಟು ನಿಮಿಷ ಆಯ್ತು, ಮೂರನೇ ತಿಂಗಳಲ್ಲೂ ವಾಚ್ ಚಾರ್ಜ್ ಆಗ್ತಿದೆಯಾ ಅಥವಾ ಬೀರು ಸೇರಿದೆಯಾ, ಒಂದು ನೋಟ್‌ಬುಕ್ ಸಾಕು, ಆಪ್ ಬೇಡ. ಅರ್ಧಕ್ಕಿಂತ ಜಾಸ್ತಿ ಬೀರು ಸೇರಿದ್ರೆ ನಿಲ್ಲಿಸ್ತೀವಿ ಅಂತ ಈಗಲೇ ಠರಾವು ಮಾಡಿ. ಉಳಿಯೋ ನಲವತ್ತು ಕಿಟ್ಟಿನ ದುಡ್ಡಲ್ಲಿ ಕನ್ನಡ, ಮರಾಠಿ ಎರಡೂ ಬರೋ ಒಬ್ಬರನ್ನ ಸಂಬಳ ಕೊಟ್ಟು ಇಟ್ಕೊಳಿ, ದಿನಾ ಬೆಳಿಗ್ಗೆ ಹತ್ತೂ ಮನೆಗೆ ಫೋನ್ ಮಾಡೋಕೆ. ದಾನಿಗಳು ಸ್ವಲ್ಪ ಮುಖ ಸಣ್ಣ ಮಾಡ್ತಾರೆ, ಮಷಿನ್ ಮೇಲೆ ಹೆಸರು ಬರೆಸಬಹುದು, ಸಂಬಳದ ಮೇಲೆ ಬರೆಸೋಕಾಗಲ್ಲ ನೋಡಿ. ಅವರನ್ನ ಒಪ್ಪಿಸೋ ಕೆಲಸ ನಿಮ್ಮ ಅಧ್ಯಕ್ಷರಿಗೆ ಬಿಡಿ.

ಪ್ರಶ್ನೆ: ಸರ್, ನಾನು ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡ್ತೀನಿ, ಅಪ್ಪಾಜಿ ಹುಬ್ಬಳ್ಳಿಯಲ್ಲಿ ಒಬ್ಬರೇ. ಹಾಲಲ್ಲಿ ಕ್ಯಾಮೆರಾ ಹಾಕಿಸ್ತೀನಿ ಅಂದ್ರೆ "ನಾ ಏನು ಕಳ್ಳ ಏನವಾ?" ಅಂತ ಸಿಟ್ಟಾಗ್ತಾರೆ.
– ಓದುಗರು, ವಾಕಡ್

ಉತ್ತರ: ಅವರು ಸಿಟ್ಟಾಗಿದ್ದು ಸರಿನೇ ಇದೆ ತಂಗಿ. ನಿಮಗೆ ಗೊತ್ತಾಗಬೇಕಾಗಿರೋದು ಬೆಳಿಗ್ಗೆ ಎದ್ದಿದ್ದಾರಾ ಅನ್ನೋದು ತಾನೇ? ಅದಕ್ಕೆ ಅಡುಗೆಮನೆ ಬಾಗಿಲಿಗೆ ಸಣ್ಣ ಮೋಷನ್ ಸೆನ್ಸರ್ ಸಾಕು, ಚಹಾಕ್ಕೆ ಅಂತ ಒಳಗೆ ಹೋದ್ರೆ ನಿಮ್ಮ ಫೋನಿಗೆ ಮೆಸೇಜ್ ಬರುತ್ತೆ, ಫೋಟೋ ಗೀಟೋ ಏನಿಲ್ಲ. ಅದನ್ನೂ ಅವರನ್ನ ಕೇಳಿಯೇ ಹಾಕ್ಸಿ. ಎಂಟು ಗಂಟೆವರೆಗೂ ಮೆಸೇಜ್ ಬರಲಿಲ್ಲ ಅಂದ್ರೆ ನೀವು ಮೊದಲು ಅವರಿಗೇ ಫೋನ್ ಮಾಡೋದು, ಎತ್ತಲಿಲ್ಲ ಅಂದ್ರೆ ಪಕ್ಕದ ಮನೆಯವರಿಗೆ. ಪಕ್ಕದ ಮನೆಯವರ ನಂಬರ್ ನಿಮ್ಮ ಹತ್ರ ಇದೆ ತಾನೆ?