ಕಲ್ಲಿನ ಮೇಲೆ ಏನು ಬರೆಯಿಸಬೇಕು?

ಬೈಲಹೊಂಗಲ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಸೋದರಮಾವ ಮರಾಠಾ ಲೈಟ್ ಇನ್‌ಫಂಟ್ರಿಯ ಒಂದನೇ ಪಲ್ಟನ್ನಿನಲ್ಲಿದ್ದರು. 1971ರ ಡಿಸೆಂಬರಿನಲ್ಲಿ ಜಮಾಲಪುರದ ಕಾಳಗದಲ್ಲಿ ತೀರಿಕೊಂಡಾಗ ಅವರಿಗೆ 22 ವರ್ಷ. ದೇಹ ಊರಿಗೆ ಬರಲಿಲ್ಲ, ಕಬ್ಬಿಣದ ಟ್ರಂಕೊಂದು ಬಂತು. ಈಗ ಊರಿನ ಹುಡುಗರು ಪಂಚಾಯಿತಿ ಎದುರು ಅವರ ಪುತ್ಥಳಿ ನಿಲ್ಲಿಸಬೇಕೆಂದಿದ್ದಾರೆ. ಇರುವುದು ಒಂದೇ ಫೋಟೊ, ಅದರಲ್ಲಿ ಮೀಸೆ ಇನ್ನೂ ಸರಿಯಾಗಿ ಮೂಡಿಲ್ಲ. ಶಿಲ್ಪಿ ದಪ್ಪ ಮೀಸೆ ಇಡೋಣ ಎನ್ನುತ್ತಾರೆ. ಕೆಳಗೆ ಏನು ಬರೆಯಿಸಬೇಕು?"

ಮೀಸೆಯನ್ನು ದಯವಿಟ್ಟು ಇಡಿಸಬೇಡಿ. ಮೀಸೆ ಚಿಗುರುವ ವಯಸ್ಸಿನ ಹುಡುಗ ಹೋದನೆಂಬುದೇ ನಿಮ್ಮ ಅಜ್ಜಿಯ ಸಂಕಟವಾಗಿತ್ತು. ಅವರನ್ನು ನಲವತ್ತರ ಗಂಡಸನ್ನಾಗಿ ಮಾಡಿ ನಿಲ್ಲಿಸಿದರೆ, ಅವರ ಜೊತೆ ಶಾಲೆಗೆ ಹೋದವರಿಗೇ ಗುರುತು ಸಿಗಲಾರದು. ಫೋಟೊದಲ್ಲಿ ಇರುವ ಮುಖವೇ ಇರಲಿ.

ನನ್ನನ್ನು ಕೇಳಿದರೆ, ಪುತ್ಥಳಿಗಿಂತ ಬರಹಕ್ಕೆ ಹೆಚ್ಚು ಯೋಚನೆ ಬೇಕು. ನಮ್ಮ ಕಡೆಯ ಹಣಮಪ್ಪನ ಗುಡಿಗಳ ಪಕ್ಕದಲ್ಲಿ, ಕೆರೆಯ ದಂಡೆಯಲ್ಲಿ ಎಣ್ಣೆ ಕುಂಕುಮ ಹಚ್ಚಿಸಿಕೊಂಡು ನಿಂತಿರುವ ವೀರಗಲ್ಲುಗಳನ್ನು ನೀವು ನೋಡಿಯೇ ಇರುತ್ತೀರಿ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ ಮತ್ತು ಸೂರ್ಯಚಂದ್ರರು ಇರುತ್ತಾರೆ. ಶಾಸನವಿರುವ ಕಲ್ಲುಗಳಲ್ಲಿ ಬಹುಮಟ್ಟಿಗೆ ಶಕವರ್ಷ, ಆಳುತ್ತಿದ್ದ ಅರಸ, ಸತ್ತವನ ಹೆಸರು, ಅವನು ಯಾರ ಮಗ, ಯಾವುದಕ್ಕಾಗಿ ಹೋರಾಡಿದ, ಕಲ್ಲು ನಿಲ್ಲಿಸಿದವರು ಯಾರು ಎಂಬ ವಿವರಗಳು ಸಿಗುತ್ತವೆ. ತುರು ಕಾಯಲು ಹೋಗಿ ಸತ್ತ ಸಾಮಾನ್ಯನೊಬ್ಬನ ಹೆಸರು ಸಾವಿರ ವರ್ಷ ಉಳಿದದ್ದು ಹೀಗೆ ಬರೆದಿಟ್ಟಿದ್ದರಿಂದ. ಮೊದಲ ಮಹಾಯುದ್ಧದ ನಂತರ ಬ್ರಿಟಿಷರು ನಮ್ಮ ದೇಶದ ಹಲವು ಹಳ್ಳಿಗಳಲ್ಲಿ ಹಾಕಿಸಿದ ಫಲಕಗಳಲ್ಲಿ, ಈ ಊರಿನಿಂದ ಇಷ್ಟು ಜನ ಹೋದರು, ಇಷ್ಟು ಜನ ಸತ್ತರು ಎಂಬ ಲೆಕ್ಕ ಮಾತ್ರ ಇದೆ. ಅದನ್ನು ಓದಿದ ಇಂದಿನವರಿಗೆ ಯಾರ ಮನೆಯ ಮಗ ಎಂಬುದು ತಿಳಿಯುವುದೇ ಇಲ್ಲ.

ಆದ್ದರಿಂದ "ವೀರಯೋಧ", "ಅಮರ" ಎಂಬ ವಿಶೇಷಣಗಳು ಒಂದೆರಡು ಸಾಕು, ವಿವರ ಹೆಚ್ಚಿರಲಿ. ತಂದೆತಾಯಿಯ ಹೆಸರು, ಹುಟ್ಟಿದ ವರ್ಷ, ಸೇನಾ ಸಂಖ್ಯೆ, ಹುದ್ದೆ, ಪಲ್ಟನ್, ಮಡಿದ ದಿನ ಮತ್ತು ಸ್ಥಳ ಎಲ್ಲವೂ ಬರಲಿ. ಜಮಾಲಪುರ ಎಲ್ಲಿದೆ ಎಂದು ಮುಂದಿನ ಮಕ್ಕಳು ಕೇಳುತ್ತಾರೆ. ಆಗಿನ ಪೂರ್ವ ಪಾಕಿಸ್ತಾನ, ಈಗಿನ ಬಾಂಗ್ಲಾದೇಶ ಎಂದು ಬರೆಯಿಸಿ. ಆ ಊರನ್ನು ಪಾಕಿಸ್ತಾನದ 31ನೇ ಬಲೂಚ್ ಪಡೆ ಹಿಡಿದು ಕೂತಿತ್ತು. ಒಂದನೇ ಮರಾಠಾ ಬ್ರಹ್ಮಪುತ್ರಾ ದಾಟಿ ಹೋಗಿ, ಊರಿನ ದಕ್ಷಿಣಕ್ಕೆ ಢಾಕಾದ ದಾರಿಯನ್ನು ಕಟ್ಟಿತು. ಡಿಸೆಂಬರ್ 10ರ ರಾತ್ರಿ ಒಳಗಿದ್ದವರು ದಾರಿ ಬಿಡಿಸಿಕೊಳ್ಳಲು ನುಗ್ಗಿದಾಗ ಪಲ್ಟನ್ ಕದಲಲಿಲ್ಲ. ಮರುದಿನ ಜಮಾಲಪುರ ಶರಣಾಯಿತು, 16ರಂದು ಢಾಕಾ. ಇದಿಷ್ಟನ್ನು ಎರಡು ಸಾಲಿನಲ್ಲಿ ಹಿಡಿಸಬಹುದು.

ದೇಹ ಊರಿಗೆ ಬರಲಿಲ್ಲ ಎಂಬುದನ್ನೂ ಬರೆಯಿಸಿ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ ತ್ರಿವರ್ಣ ಹೊದಿಸಿದ ಪೆಟ್ಟಿಗೆಗಳು ಊರೂರಿಗೆ ಬಂದದ್ದನ್ನು ಕಂಡವರಿಗೆ, ಅದಕ್ಕೂ ಹಿಂದಿನ ಯುದ್ಧಗಳಲ್ಲಿ ಮಡಿದ ಬಹುಪಾಲು ಯೋಧರ ಅಂತ್ಯಕ್ರಿಯೆ ರಣರಂಗದ ಸಮೀಪದಲ್ಲೇ ಮುಗಿಯುತ್ತಿತ್ತು ಎಂಬುದು ಗೊತ್ತಿರುವುದಿಲ್ಲ. ನಿಮ್ಮ ಅಜ್ಜಿಗೆ ಮಣ್ಣು ಹಾಕಲೂ ಮಗನ ಮೈ ಸಿಗಲಿಲ್ಲ. ನೀವು ನಿಲ್ಲಿಸುವ ಕಲ್ಲು ಆ ಮನೆಗೆ ಸಮಾಧಿಯ ಜಾಗದಲ್ಲಿ ನಿಲ್ಲುತ್ತದೆ, ಹಾಗಾಗಿ ಉದ್ಘಾಟಕರ ಹೆಸರನ್ನು ಅವರ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಕೆತ್ತಿಸಲು ಯಾರು ಒತ್ತಾಯ ಮಾಡಿದರೂ ಒಪ್ಪಬೇಡಿ.

ವಿವರಗಳನ್ನು ಖಚಿತಪಡಿಸಿಕೊಳ್ಳಲು ಬೆಳಗಾವಿಯ ಮರಾಠಾ ರೆಜಿಮೆಂಟಲ್ ಸೆಂಟರಿಗೂ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗೂ ಪತ್ರ ಬರೆಯಿರಿ. 2019ರಲ್ಲಿ ದೆಹಲಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳ ಮೇಲೆ ಸ್ವಾತಂತ್ರ್ಯಾನಂತರ ಮಡಿದ ಯೋಧರ ಹೆಸರುಗಳಿವೆ. ನಿಮ್ಮ ಮಾವನವರ ಹೆಸರನ್ನೂ ಅಲ್ಲಿ ಹುಡುಕಿಸಿ, ಕಾಗುಣಿತ ಹೊಂದಿಸಿಕೊಳ್ಳಿ. ಅದಕ್ಕೂ ಮೊದಲು, ಅವರೊಂದಿಗೆ ಆಡಿ ಬೆಳೆದವರಲ್ಲಿ ಈಗಲೂ ಇರುವವರ ಮನೆಗೆ ಹೋಗಿ ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ. ಅವರೆಲ್ಲ ಎಪ್ಪತ್ತೈದು ದಾಟಿದವರು, ಕಚೇರಿಯ ಕಾಗದಗಳಂತೆ ಅವರು ಕಾಯಲಾರರು. ಬರಹ ಸಿದ್ಧವಾದ ಮೇಲೆ ಕೆತ್ತನೆಗೆ ಕೊಡುವ ಮುನ್ನ ನಮಗೊಂದು ಪ್ರತಿ ಕಳಿಸಿದರೆ ತಪ್ಪುಗಳನ್ನು ನೋಡಿ ತಿದ್ದಿಕೊಡುತ್ತೇವೆ.

- ಸಂಪಾದಕ